ಬಿಸಿಲ ನಾಡಿನಲ್ಲಿ ಗುಲಾಬಿ ಸಸಿ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಈ ಶುಭ ಸಂದರ್ಭದಲ್ಲಿ ಗುಲಾಬಿ ನರ್ಸರಿಯವರಾದ ನಮ್ಮನ್ನು ಕರೆದು ಎರಡು ಮಾತು ಆಡಲು ಹೇಳಿದ್ದೀರಿ. ನಾವು ಭಾಷಣಕಾರರಲ್ಲ, ಮಣ್ಣಿನಲ್ಲಿ ಕೈಯಾಡಿಸುವವರು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

"ಈ ಬಿಸಿಲಾಗ ಗುಲಾಬಿ ಬೆಳೀತೈತೇನ್ರಿ?" ಎಂದು ರಾಯಚೂರಿಗೆ ಬಂದವರೆಲ್ಲ ಕೇಳುತ್ತಾರೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿದರೂ ನಮ್ಮದು ಬಿಸಿಲ ನಾಡೇ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಆದರೂ ಗುಲಾಬಿ ಬೆಳೆಯುತ್ತದೆ. ಕಾಲ ನೋಡಿ ದುಡಿಯಬೇಕು, ಅಷ್ಟೇ.

ನಮ್ಮ ವರ್ಷ ಶುರುವಾಗುವುದು ಮಿರಗ ಮಳೆಯಿಂದ. ಆಗ ಕಾಡು ಗುಲಾಬಿಯ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ಊರುತ್ತೇವೆ. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರಿನಲ್ಲಿ, ಹಳೆಯ ಗಿಡಗಳನ್ನು ಸವರುತ್ತೇವೆ. ಸುಮಾರು ಒಂದೂವರೆ ತಿಂಗಳಿಗೆ ಹೂವು ಬರುತ್ತದೆ. ಚಳಿಗಾಲ ಕಣ್ಣು ಕಸಿಯ ಕಾಲ. ಬೇರು ಬಿಟ್ಟು ಬಲಿತ ಕಾಡು ಗಿಡದ ತೊಗಟೆಯನ್ನು 'ಟಿ' ಅಕ್ಷರದಂತೆ ಸೀಳಿ, ಒಳ್ಳೆಯ ಜಾತಿಯ ಕಣ್ಣು ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತೇವೆ. ಮೂರು ವಾರಕ್ಕೆ ಕಣ್ಣು ಹಸಿರಾಗಿದ್ದರೆ ಹಿಡಿಯಿತು, ಕಪ್ಪಾದರೆ ಹೋಯಿತು. ರೋಗಕ್ಕೂ ಕಾಲವುಂಟು. ಮಳೆಗಾಲದಲ್ಲಿ ಕಪ್ಪು ಚುಕ್ಕೆ, ಚಳಿಯಲ್ಲಿ ಬೂದಿ ರೋಗ, ಬೇಸಿಗೆಯಲ್ಲಿ ನುಸಿ.

ಒಂದು ಮಾತು ಮುಚ್ಚಿಡದೆ ಹೇಳುತ್ತೇವೆ. ಮೊದಮೊದಲು ನಾವು ಹತ್ತಿಗೆ ಹೊಡೆದಂತೆ ವಾರವಾರ ಔಷಧ ಹೊಡೆದೆವು. ರೊಕ್ಕದ ಆಸೆಗೆ ಮೇ ತಿಂಗಳಲ್ಲೂ ಸಸಿ ಮಾರಿದೆವು. ಮಾನ್ವಿ ಕಡೆಯ ತಾಯಿಯೊಬ್ಬರು ಒಣಗಿದ ಗಿಡ ತಂದು ನಮ್ಮ ಮುಂದೆ ಇಟ್ಟರು. "ದಿನಾ ಎರಡು ಕೊಡ ನೀರು ಹಾಕೀನಿ ಅಣ್ಣಾ, ಆದ್ರೂ ಸತ್ತೋತು" ಎಂದರು. ರೊಕ್ಕ ವಾಪಸು ಕೊಡಲು ಹೋದರೆ, "ರೊಕ್ಕ ಬ್ಯಾಡ, ಯಾಕ ಸತ್ತಿತು ಹೇಳ್ರಿ" ಎಂದರು. ಉತ್ತರ ನಮ್ಮಲ್ಲಿ ಇರಲಿಲ್ಲ. ಅವರ ಹಿತ್ತಲಿಗೇ ಹೋಗಿ ನೋಡಿದೆವು. ಎರೆ ಮಣ್ಣು, ನೀರು ಇಂಗದೆ ನಿಂತಿತ್ತು, ಬೇರು ಕೊಳೆತಿತ್ತು. ಗಿಡ ನೀರಿಲ್ಲದೆ ಸತ್ತಿರಲಿಲ್ಲ, ನೀರು ಹೆಚ್ಚಾಗಿ ಸತ್ತಿತ್ತು.

ಬಂಧುಗಳೇ, ಇದು ಬರೀ ಗುಲಾಬಿಯ ಕಥೆಯಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಹೊಲ ಸವಳು-ಜವಳಾದರೆ, ಕೊನೆಯ ಭಾಗದವರು ನೀರಿಗಾಗಿ ಕಾಯುತ್ತಾರೆ. ಅತಿಯಾದರೆ ಅಮೃತವೂ ವಿಷ.

ಅಂದಿನಿಂದ ನಮ್ಮ ಪದ್ಧತಿ ಬದಲಾಯಿತು. ಎರೆ ನೆಲದವರಿಗೆ ಒಂದೂವರೆ ಅಡಿ ಗುಂಡಿ ತೋಡಿಸಿ, ಮಸಾರಿ ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಲು ಹೇಳುತ್ತೇವೆ. ದೇವದುರ್ಗದ ಮಸಾರಿ ನೆಲದವರಿಗೆ ಗೊಬ್ಬರ ಹೆಚ್ಚಿಗೆ ಹಾಕಿದರೆ ಸಾಕು. ಬೆರಳಿಟ್ಟು ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು. ಗದ್ದೆಯಲ್ಲಿ ಸುಡುವ ಭತ್ತದ ಹುಲ್ಲನ್ನು ತಂದು ಬುಡಕ್ಕೆ ಹೊದಿಸುತ್ತೇವೆ, ತೇವ ನಿಲ್ಲುತ್ತದೆ. ಹುಳಕ್ಕೆ ಮೊದಲು ಬೇವು: 5 ಕಿಲೋ ಬೇವಿನ ಬೀಜದ ತಿರುಳು ಕುಟ್ಟಿ, ರಾತ್ರಿ ನೆನೆಸಿ, ಸೋಸಿ, 100 ಲೀಟರ್ ನೀರಿಗೆ ಬೆರೆಸಿ ಸಂಜೆ ಸಿಂಪಡಿಸುತ್ತೇವೆ. ಕಸಿಯ ಕೆಳಗಿನ ಚಿಗುರು ಕಾಡಿನದು, ಅದನ್ನು ಕಿತ್ತುಬಿಡಿ. ಇಲ್ಲದಿದ್ದರೆ ಮೇಲಿನದು ಸೊರಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ನಾವು ಈಗ ಸಸಿ ಮಾರುವುದಿಲ್ಲ. ಎರಡು ತಿಂಗಳು ಕೈ ಖಾಲಿ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಸಂಘದಲ್ಲಿ ನಮ್ಮ ವಿನಂತಿ ಇಷ್ಟೇ: ಹೂವು, ಸಸಿಯವರ ಕಂತನ್ನು ದೀಪಾವಳಿಯ ನಂತರಕ್ಕೆ ಇಡಿ. ಬೆಳೆಯ ಕಾಲಕ್ಕೆ ಕಂತು ಹೊಂದಿದರೆ ಸಾಲಗಾರನೂ ಉಳಿಯುತ್ತಾನೆ, ಸಂಘವೂ ಉಳಿಯುತ್ತದೆ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ನಮ್ಮ ನಾಡಿನ ಸಹಕಾರದ ಬೀಜ ಬಿತ್ತಿದರು. ಕಸಿ ಗಿಡದಲ್ಲಿ ಬೇರು ಒಂದರದು, ಹೂವು ಇನ್ನೊಂದರದು. ಒಂದನ್ನೊಂದು ಬಿಟ್ಟರೆ ಎರಡೂ ಇಲ್ಲ. ಸಹಕಾರವೆಂದರೂ ಅದೇ.