ಮಹಾವೀರಾಚಾರ್ಯರ ಸಂಖ್ಯಾಹಾರ

(ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸ)



ಅಮೋಘವರ್ಷ ನೃಪತುಂಗನ ಹೆಸರು ಬಂದೊಡನೆ ನಾವು ‘ಕವಿರಾಜಮಾರ್ಗ’ವನ್ನು ನೆನೆಯುತ್ತೇವೆ. ಅದು ಯುಕ್ತವೇ. ಆದರೆ ಅದೇ ಅರಸನನ್ನು ಸ್ತುತಿಸಿ, ಕ್ರಿ.ಶ. 850ರ ಸುಮಾರಿಗೆ ಜೈನ ವಿದ್ವಾಂಸ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ ನಮ್ಮ ವೇದಿಕೆಗಳಲ್ಲಿ ಪ್ರಸ್ತಾಪವಾಗುವುದೇ ಅಪರೂಪ. ಆ ಗ್ರಂಥದ ಒಂದೇ ಒಂದು ಸಂಖ್ಯೆಯನ್ನು ಇಂದು ತಮ್ಮ ಮುಂದಿಡುತ್ತೇನೆ.

ಆ ಸಂಖ್ಯೆ 12345654321. ಓದುವುದಾದರೆ, ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಆಚಾರ್ಯರು ಇದನ್ನು ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆಯೆಂದು ವರ್ಣಿಸಿದ್ದಾರೆ. ಅಂಕಿಯ ಬೆಲೆ ಅದು ನಿಂತ ಸ್ಥಾನದಿಂದ ನಿರ್ಣಯವಾಗುತ್ತದೆಂದು ಬಲ್ಲವರಿಗೆ ಮಾತ್ರ ಇಂಥ ವರ್ಣನೆ ಸಾಧ್ಯ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಅವರು ಅರಸರ ಕಂಠಾಭರಣಕ್ಕೆ ಹೋಲಿಸಿದರು.

ಈ ಹಾರ ಹೆಣೆದುಕೊಂಡ ಬಗೆ ಸರಳವಾದುದು. 111111ನ್ನು ಅದರಿಂದಲೇ ಗುಣಿಸಿರಿ. ಆರು ಸಾಲುಗಳು ಒಂದೊಂದು ಸ್ಥಾನ ಸರಿದು ನಿಲ್ಲುತ್ತವೆ. ಕೂಡುವಾಗ ಅಂಚಿನ ಕಂಬದಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ನಡುವೆ ಆರು, ಮತ್ತೆ ಇಳಿತ. ಎಲ್ಲಿಯೂ ದಶಕ ಬರುವುದಿಲ್ಲ. ಒಂಬತ್ತು ಒಂದುಗಳವರೆಗೂ ಈ ಸೊಬಗು ಉಳಿಯುತ್ತದೆ. ಹತ್ತನೆಯದನ್ನು ಸೇರಿಸಿದರೆ ನಡುವಿನ ಕಂಬದಲ್ಲಿ ಹತ್ತು ಬಂದು, ದಶಕ ಪಕ್ಕಕ್ಕೆ ಸರಿದು, ಹಾರ ಹರಿಯುತ್ತದೆ.

ಆದರೆ ಆಚಾರ್ಯರು ಈ ಸುಲಭ ಮಾರ್ಗ ಹಿಡಿಯಲಿಲ್ಲ. 27994681ನ್ನು 441ರಿಂದ ಗುಣಿಸಲು ಹೇಳಿದರು. 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13 ಮತ್ತು 37. ಇವುಗಳಲ್ಲಿ 3 ಮತ್ತು 7ರ ಗುಣಲಬ್ಧ 21. ಅದರ ವರ್ಗ 441. ಉಳಿದ ಮೂರರ ಗುಣಲಬ್ಧ 5291; ಅದರ ವರ್ಗವೇ 27994681. ಹೊರನೋಟಕ್ಕೆ ಯಾವ ಅಂದವೂ ಇಲ್ಲದ ಎರಡು ಸಂಖ್ಯೆಗಳ ಒಡಲಲ್ಲಿ ಹಾರ ಅಡಗಿತ್ತು. ಅದರ ಅಂಕಿಗಳನ್ನು ಕೂಡಿದರೆ 36; ಅದೂ ಆರರ ವರ್ಗವೇ.

ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂಬ ಘೋಷಣೆಗಳನ್ನು ನಾವು ವೇದಿಕೆಗಳಿಂದ ಕೇಳುತ್ತಲೇ ಇರುತ್ತೇವೆ. ಪರೀಕ್ಷೆಗೆ ಒಡ್ಡಲಾಗದ ಹೆಮ್ಮೆ ನಮ್ಮ ಮಕ್ಕಳಿಗೆ ಬೇಡ. ಈ ಸಂಖ್ಯೆಯನ್ನು ಯಾರೂ ನಂಬಬೇಕಾಗಿಲ್ಲ. ಐದನೆಯ ತರಗತಿಯ ಬಾಲಕಿ ಕಾಗದದ ಮೇಲೆ ಗುಣಿಸಿ ನೋಡಬಹುದು.

ಇನ್ನೊಂದು ವಿಚಾರ ಹೊರನಾಡಿಗರಾದ ನಮಗೆ ಸಂಬಂಧಿಸಿದುದು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದಾಗ, ಅವರಿಗೆ ಆಧಾರವಾದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಭಾಷೆ ಸಂಸ್ಕೃತವಾದರೂ ಕಾಪಾಡಿದವರಲ್ಲಿ ಕನ್ನಡ ಅಕ್ಷರ ಬಲ್ಲವರಿದ್ದರು. ನಮ್ಮ ಮನೆಗಳಲ್ಲಿ ಕನ್ನಡ ಮಾತು ಉಳಿದಿದೆ, ಅಕ್ಷರ ಜಾರುತ್ತಿದೆ. ಅಕ್ಷರ ಹೋದರೆ ಇಂಥ ಓಲೆಗರಿ ಎದುರಿಗಿದ್ದರೂ ನಮ್ಮ ಮೊಮ್ಮಕ್ಕಳಿಗೆ ಅದು ಬರಿಯ ಗರಿ.

ಆದುದರಿಂದ ನನ್ನದೊಂದು ಸಣ್ಣ ಸೂಚನೆ. ಸಂಘದ ಕನ್ನಡ ತರಗತಿಯ ಕರಿಹಲಗೆಯ ಮೇಲೆ ಮುಂದಿನ ಪಾಠದಂದು ೧೨೩೪೫೬೫೪೩೨೧ ಎಂದು ಬರೆಯಿರಿ. ಮಕ್ಕಳು ಆರು ಕನ್ನಡ ಅಂಕಿಗಳನ್ನು ಒಮ್ಮೆಗೇ ಕಲಿಯುತ್ತಾರೆ. ಅನಂತರ ೧೧೧೧೧೧ನ್ನು ಅದರಿಂದಲೇ ಗುಣಿಸಲು ಹೇಳಿರಿ. ಉಳಿದುದನ್ನು ಆಚಾರ್ಯರೇ ಕಲಿಸುತ್ತಾರೆ.