ಮೇದೋಜೀರಕ ಗ್ರಂಥಿಯ ಕಲ್ಲು: ಪುಡಿ ಮಾಡಿಸಿದ ಮೇಲೆ ಮುಂದೇನು?

(ರೋಗಿಗಳು ಮತ್ತು ಅವರ ಸಂಬಂಧಿಕರಿಗಾಗಿ ನಡೆದ ತಿಳಿವಳಿಕೆ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತಿನ ಮಾತು ಮೂತ್ರಪಿಂಡದ ಕಲ್ಲಿನ ಬಗ್ಗೆ ಅಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಏಕೆಂದರೆ 'ಕಲ್ಲು' ಎಂದ ಕೂಡಲೇ ಮನೆಯವರು ಬಾಳೆದಿಂಡಿನ ರಸ ತರುತ್ತಾರೆ. ಇದು ಜಠರದ ಹಿಂದೆ ಇರುವ ಮೇದೋಜೀರಕ ಗ್ರಂಥಿಯ ನಾಳದಲ್ಲಿ ಸುಣ್ಣದ ಅಂಶ ಗಟ್ಟಿಯಾಗಿ ಆಗುವ ಕಲ್ಲು. ರಸ ಕುಡಿದರೆ ಕರಗುವುದಿಲ್ಲ.

ಕಲ್ಲು ನಾಳಕ್ಕೆ ಅಡ್ಡ ನಿಂತರೆ ಜೀರ್ಣರಸ ಮುಂದೆ ಹರಿಯದೆ ಒತ್ತಡ ಹೆಚ್ಚುತ್ತದೆ. ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಹೊಡೆಯುವ ಆ ನೋವು ನಿಮಗೆ ಗೊತ್ತೇ ಇದೆ. ಹೊಟ್ಟೆ ಕೊಯ್ಯದೆ, ಹೊರಗಿನಿಂದ ಆಘಾತ ತರಂಗ ಬಿಟ್ಟು ಕಲ್ಲನ್ನು ಪುಡಿ ಮಾಡುವುದಕ್ಕೆ ಲಿಥೋಟ್ರಿಪ್ಸಿ ಎನ್ನುತ್ತಾರೆ. ಬೇಕಾದರೆ ಎಂಡೋಸ್ಕೋಪಿಯಿಂದ ಚೂರುಗಳನ್ನು ತೆಗೆದು ಸ್ಟೆಂಟ್ ಇಡುತ್ತಾರೆ.

"ಸಿಸ್ಟರ್, ಆಮೇಲೆ ಪೂರ್ತಿ ಗುಣ ಆಗುತ್ತದೆಯೇ?" ಎಂದು ನೀವು ಕೇಳುತ್ತೀರಿ. ಹೈದರಾಬಾದಿನ ವೈದ್ಯರು 2013ರಲ್ಲಿ ತಮ್ಮ ರೋಗಿಗಳ ವಿವರ ಪ್ರಕಟಿಸಿದ್ದಾರೆ. 2ರಿಂದ 5 ವರ್ಷ ಗಮನಿಸಿದ 364 ಮಂದಿಯಲ್ಲಿ ನೂರಕ್ಕೆ ಸುಮಾರು 69 ಜನರಿಗೆ ನೋವಿರಲಿಲ್ಲ. 5 ವರ್ಷ ದಾಟಿದ 272 ಮಂದಿಯಲ್ಲಿ ನೂರಕ್ಕೆ 60 ಜನರಿಗೆ ನೋವಿರಲಿಲ್ಲ. ಉಳಿದವರಲ್ಲಿ ಹೆಚ್ಚಿನವರ ನೋವು ತೀವ್ರವಾಗಿರಲಿಲ್ಲ. ಆದರೆ ಈ ಎರಡನೇ ಗುಂಪಿನಲ್ಲಿ ನೂರಕ್ಕೆ ಸುಮಾರು 23 ಜನರಿಗೆ ಮತ್ತೆ ಕಲ್ಲು ಆಗಿತ್ತು. ಕಲ್ಲು ಹೋದರೂ ಗ್ರಂಥಿಯ ಕಾಯಿಲೆ ಉಳಿದಿರುತ್ತದೆ, ಅದಕ್ಕೇ ಹೀಗೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ನೆದರ್ಲೆಂಡ್ಸ್‌ನಲ್ಲಿ ನಡೆದು 2007 ಮತ್ತು 2020ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೇ ನೋವು ಹೆಚ್ಚು ಕಡಿಮೆಯಾಗಿತ್ತು. ಹಾಗಾಗಿ ಡಾಕ್ಟರು ಆಪರೇಷನ್ ಎಂದರೆ ಹೆದರಿ ಊರಿಗೆ ಹೊರಟುಬಿಡಬೇಡಿ. ಕೂತು ಕೇಳಿ ತಿಳಿದುಕೊಳ್ಳಿ.

ನನಗೆ ಹೆಚ್ಚು ಚಿಂತೆ ಇರುವುದು ನೋವು ನಿಂತವರ ಬಗ್ಗೆ. ಸ್ಟೆಂಟ್ ಹಾಕಿಸಿಕೊಂಡ ಒಬ್ಬ ಹುಡುಗ ಹದಿನಾಲ್ಕು ತಿಂಗಳು ಬರಲೇ ಇಲ್ಲ. "ಆರಾಮ ಇದ್ದಾನಲ್ಲ, ಬಸ್ ಚಾರ್ಜು ಯಾಕೆ ಸುಮ್ಮನೆ" ಎಂದುಕೊಂಡಿದ್ದರಂತೆ ಅವನ ತಾಯಿ. ಸ್ಟೆಂಟ್ ಕಟ್ಟಿಕೊಂಡು, ಚಳಿ ಜ್ವರದಲ್ಲಿ ನಡುಗುತ್ತಾ ಬಂದ. ಉಳಿದ, ಆದರೆ ತುಂಬ ನರಳಿದ. ಆ ತಾಯಿಯನ್ನು ನಾನು ಬೈಯಲಿಲ್ಲ. ಸ್ಟೆಂಟನ್ನು ಬದಲಿಸಬೇಕು ಇಲ್ಲವೇ ತೆಗೆಯಬೇಕು ಎಂದು ಅವರಿಗೆ ಅರ್ಥವಾಗುವಂತೆ ಯಾರೂ ಹೇಳಿರಲಿಲ್ಲ. ಸ್ಟೆಂಟ್ ಹಾಕಿದ ತಾರೀಖು, ಮತ್ತೆ ಬರಬೇಕಾದ ತಾರೀಖು ಎರಡನ್ನೂ ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಕುಡಿತ ಪೂರ್ತಿ ಬಿಡಬೇಕು, ಹಬ್ಬಕ್ಕೊಮ್ಮೆ ಎನ್ನುವುದೂ ಬೇಡ. ಬೀಡಿ, ಸಿಗರೇಟೂ ಅಷ್ಟೇ. ಜೀರ್ಣಕ್ಕೆ ಕೊಟ್ಟ ಕ್ಯಾಪ್ಸೂಲನ್ನು ಊಟದ ಜೊತೆಗೇ ನುಂಗಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಪ್ರಯೋಜನವಿಲ್ಲ. "ಹೀಟ್ ಆಗುತ್ತದೆ" ಎಂದು ನಿಲ್ಲಿಸುವವರು ಬಹಳ. ಮಲ ಜಿಡ್ಡಾಗಿ ನೀರಿನ ಮೇಲೆ ತೇಲಿದರೆ ನಾಚದೆ ನಮಗೆ ಹೇಳಿ. ನೋವಿಲ್ಲದಿದ್ದರೂ ಸಕ್ಕರೆ ಕಾಯಿಲೆ ಬರಬಹುದು, ಆದ್ದರಿಂದ ರಕ್ತ ಪರೀಕ್ಷೆ ತಪ್ಪಿಸಬೇಡಿ. ಕಾರಣವಿಲ್ಲದೆ ತೂಕ ಇಳಿದರೆ, ಕಣ್ಣು ಹಳದಿಯಾದರೆ, ಜ್ವರ ಬಂದರೆ ಮುಂದಿನ ತಾರೀಖಿನವರೆಗೆ ಕಾಯದೆ ಬನ್ನಿ. ಬರುವಾಗ ಹಳೆಯ ಸ್ಕ್ಯಾನ್ ಫಿಲಂ, ಫೈಲು ತನ್ನಿ.

ಈಗ ನೀವು ಕೇಳಿ. ಮೊದಲು ಹಿಂದೆ ಕೂತಿರುವ ಅಮ್ಮ ಕೇಳಲಿ, ಆಗಿನಿಂದ ಕೈ ಎತ್ತುತ್ತಿದ್ದಾರೆ.