ಮುಳುಗಡೆಯ ದಂಡೆ



ಬೀಳಗಿ, ಜಮಖಂಡಿ ಸೀಮೆಯವರಿಗೆ ‘ಮುಳುಗಡೆ’ ಎಂಬ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಜಲಾಶಯದಲ್ಲಿ ನೀರು 519.60 ಮೀಟರಿಗೆ ನಿಂತಾಗ ಕೃಷ್ಣೆ, ಘಟಪ್ರಭೆ ಎರಡೂ ಹಿಂದಕ್ಕೆ ಹಬ್ಬುತ್ತವೆ. ಆ ನೀರಿಗೆ ಜಾಗ ಬೇಕೆಂದು ಸರ್ಕಾರ ಹೊಲ, ಮನೆ, ಊರಿಗೆ ಊರನ್ನೇ ಸ್ವಾಧೀನ ಮಾಡಿಕೊಂಡಿತು.

ಆದರೆ ಆ ನೆಲವೆಲ್ಲ ವರ್ಷಪೂರ್ತಿ ನೀರಡಿ ಇರುವುದಿಲ್ಲ. ಮಳೆಗಾಲದಲ್ಲಿ ತುಂಬಿದ ಹಿನ್ನೀರು ಚಳಿಗಾಲ ಕಳೆದಂತೆ ಇಳಿಯುತ್ತದೆ, ದಂಡೆಯ ಎರೆಮಣ್ಣು ಕೆಸರಾಗಿ ಬಯಲಿಗೆ ಬೀಳುತ್ತದೆ. ಹಕ್ಕಿಗಳ ಸುಗ್ಗಿ ಆಗ. ರಾಜಹಂಸ ತಗ್ಗು ನೀರಿನಲ್ಲಿ ನಿಂತು, ಕೊಕ್ಕನ್ನು ತಲೆಕೆಳಗಾಗಿ ಅದ್ದಿ, ನಾಲಿಗೆಯಿಂದ ನೀರೆಳೆದು, ಕೊಕ್ಕಿನಂಚಿನ ಜರಡಿಯಲ್ಲಿ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ಹಿಮಾಲಯ ದಾಟಿ ಬಂದ ಪಟ್ಟೆತಲೆಯ ಹೆಬ್ಬಾತು ಹೊಲದಲ್ಲಿ ಮೇಯ್ದು ನೀರಂಚಿಗೆ ಮರಳುತ್ತದೆ. ಬೇಸಿಗೆಯಲ್ಲಿ ಹಳದಿ ಕೊಕ್ಕಿನ ನದಿ ರೀವ ಗೂಡು ಕಟ್ಟದೆ ಬರೀ ಮರಳಿನ ಮೇಲೆ ಮೊಟ್ಟೆ ಇಡುತ್ತದೆ. ಅಲ್ಲಿ ಒಂದು ಟ್ರ್ಯಾಕ್ಟರ್ ಹಾದರೆ ಆ ವರ್ಷದ ಮರಿಗಳು ಹೋದಂತೆಯೇ.

ಹೊರದೇಶಗಳಲ್ಲಿ ಇಂಥ ದಂಡೆ ಉಳಿಸಲು ಸರ್ಕಾರಗಳು ಖಾಸಗಿಯವರಿಂದ ಜಮೀನು ಕೊಳ್ಳುವುದುಂಟು. ಇಲ್ಲಿ ಸ್ವಾಧೀನವಾದ ದಂಡೆ ಆಗಲೇ ಸರ್ಕಾರದ್ದು, ಬೆಲೆ ತೆತ್ತವರು ಮುಳುಗಡೆಯ ಜನ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸರ್ಕಾರಿ ನೆಲವನ್ನು ಸ್ಥಳೀಯರೊಡನೆ ಸಮಾಲೋಚಿಸಿ ‘ಸಂರಕ್ಷಣಾ ಮೀಸಲು’ ಎಂದು ಘೋಷಿಸಬಹುದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಇಂಥದ್ದೇ ಮೀಸಲು. 2024ರಲ್ಲಿ ಅದು ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿ ಸೇರಿತು. ನಮ್ಮ ಬೀಳಗಿ, ಮುಧೋಳ ತಾಲ್ಲೂಕುಗಳ ಯಡಹಳ್ಳಿಯ ಕುರುಚಲು ಕಾಡೂ 2016ರಲ್ಲಿ ಚಿಂಕಾರ ವನ್ಯಧಾಮವಾಯಿತು. ಕಾಡಿಗೆ ಸಿಕ್ಕ ರಕ್ಷಣೆ ಹಿನ್ನೀರಿನ ದಂಡೆಗೂ ಸಿಗಬೇಕು.

ಈ ಮಾತಿಗೆ ಇದೇ ಹೊತ್ತು. ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಿದರೆ ಇನ್ನೂ 75,563 ಎಕರೆ ಮುಳುಗುತ್ತದೆ. ಅದಕ್ಕೆ ಎಕರೆಗೆ ನೀರಾವರಿ ಜಮೀನಾದರೆ 40 ಲಕ್ಷ, ಒಣಬೇಸಾಯದ್ದಾದರೆ 30 ಲಕ್ಷ ರೂಪಾಯಿ ಕೊಡಲು 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿದೆ. ಮಟ್ಟ ಏರಿದಾಗ ನೀರಿನಂಚು ಇಂದಿನ ಹೊಲಗಳಿಗೆ ಸರಿಯುತ್ತದೆ. ಮೊದಲು ರೈತರ ಕೈಗೆ ಪರಿಹಾರ ಸೇರಲಿ. ಆಮೇಲೆ ಆ ಹೊಸ ಅಂಚಿನ ನಕ್ಷೆಯಲ್ಲಿ ಹಕ್ಕಿಗಳ ಪಾಲನ್ನೂ ಗುರುತಿಸಲಿ.

ಹಾಗೆಂದು ದಂಡೆಗೆಲ್ಲ ಬೇಲಿ ಹಾಕಬೇಕಿಲ್ಲ. ಹೆಬ್ಬಾತಿಗೆ ಕಡಲೆ ಹೊಲ ಹತ್ತಿರವಿದ್ದರೆ ಚೆಂದ, ರೀವಕ್ಕೆ ಬೇಸಿಗೆಯ ಮೂರು ತಿಂಗಳು ಯಾರೂ ತುಳಿಯದ ಮರಳು ಸಾಕು. ಎಲ್ಲಿ ಬಿತ್ತಬೇಕು, ಎಲ್ಲಿ ಬಿಡಬೇಕು ಎಂದು ಗೆರೆ ಎಳೆಯುವಾಗ ನೀರು ಎಲ್ಲಿಗೆ ಬಂದು ಎಲ್ಲಿಗೆ ಇಳಿಯುತ್ತದೆಂದು ವರ್ಷವರ್ಷ ಕಂಡ ರೈತರನ್ನು ಜೊತೆಗೆ ಕರೆದೊಯ್ಯಬೇಕು.